ಮುಸುಕಿನ ಜೋಳ ಸುಲಿದ ಶನಿವಾರ: ಹಾವೆಲ್ ಫಾರ್ಮಿಗೆ ಮಕ್ಕಳ ಜೊತೆ

ನಾನಿರುವುದು ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರಿನಲ್ಲಿ. ಶನಿವಾರ ಬೆಳಗ್ಗೆ ಇಲ್ಲಿನ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ಒಟ್ಟು 18 ಮಕ್ಕಳು. ಎಲ್ಲರಿಗೂ ಆರರಿಂದ ಹತ್ತರೊಳಗೆ ವಯಸ್ಸು. ಮನೆಯಲ್ಲಿ ಅಮ್ಮ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಕ್ಕಳು.

ಎರಡು ವರ್ಷದ ಹಿಂದೆ ಇವರನ್ನು ಕುಂಬಳಕಾಯಿ ಕೀಳಿಸುವ ಒಂದು ಜಾಗಕ್ಕೆ ಕರೆದುಕೊಂಡು ಹೋಗಿದ್ದೆವು. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಗಾಡಿಯಲ್ಲಿ ಒಂದು ಸುತ್ತು, ತಲೆಗೊಂದು ಕುಂಬಳಕಾಯಿ, ಆಮೇಲೆ ಸಕ್ಕರೆ ಉದುರಿಸಿದ ಡೋನಟ್. ಮುಂದಿನ ವಾರ ತರಗತಿಯಲ್ಲಿ, ಹೋಗಿ ಬಂದದ್ದರ ಬಗ್ಗೆ ಐದು ಸಾಲು ಬರೆಯಿರಿ ಅಂದೆ. ಹೆಚ್ಚುಕಡಿಮೆ ಎಲ್ಲರೂ ಡೋನಟ್ ಬಗ್ಗೆಯೇ ಬರೆದಿದ್ದರು. ಮಕ್ಕಳನ್ನು ಬೈಯಲು ಮನಸ್ಸು ಬರಲಿಲ್ಲ. ಅಲ್ಲಿ ಅವರು ಕೈಯಾರೆ ಮಾಡಿದ್ದು ತಿನ್ನುವ ಕೆಲಸ ಒಂದೇ ಅಲ್ವಾ? ಅದನ್ನೇ ಬರೆದರು.

ಆ ಐದು ಸಾಲು ನೋಡಿದ ಮೇಲೆ, ಮಕ್ಕಳು ಕೆಲಸ ಮಾಡುವಂಥ ಹೊಲಕ್ಕೇ ಕರೆದುಕೊಂಡು ಹೋಗಬೇಕು ಅಂತ ತೀರ್ಮಾನ ಮಾಡಿದೆ. ಅಂಥ ಜಾಗ ನಮ್ಮ ಮರ್ಸರ್ ಕೌಂಟಿಯಲ್ಲೇ ಇತ್ತು: ಹಾವೆಲ್ ಲಿವಿಂಗ್ ಹಿಸ್ಟರಿ ಫಾರ್ಮ್. ನಮ್ಮ ಮನೆಯಿಂದ ಕಾರಿನಲ್ಲಿ ಸುಮಾರು 40 ನಿಮಿಷ. ನಾನು ಅಲ್ಲಿಗೆ ಎರಡು ಸಲ ಹೋಗಿದ್ದೇನೆ. ಮೊದಲ ಸಲ ನನ್ನ ಮಗಳ ಎರಡನೇ ಕ್ಲಾಸಿನ ಜೊತೆ, ಸ್ವಯಂಸೇವಕಿಯಾಗಿ, ವಾರದ ದಿನ. ಎರಡನೇ ಸಲ ನಮ್ಮ ಕನ್ನಡ ತರಗತಿಯನ್ನು ಕಟ್ಟಿಕೊಂಡು, ಒಂದು ಶನಿವಾರ. ಮಕ್ಕಳ ಗುಂಪು ಕರೆದುಕೊಂಡು ಹೋಗಬೇಕು ಅಂದುಕೊಂಡಿರುವ ಮೇಷ್ಟ್ರು, ಟೀಚರ್, ಅಪ್ಪ ಅಮ್ಮಂದಿರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಜಾಗದ ಬಗ್ಗೆ. ಡೆಲವೇರ್ ನದಿಯ ಪಕ್ಕದಲ್ಲಿ ಹೋಗುವ 29ನೇ ರಸ್ತೆ ಹಿಡಿದು ಲ್ಯಾಂಬರ್ಟ್‌ವಿಲ್ ಕಡೆ ಹೋಗಬೇಕು. ಊರು ಸಿಗುವುದಕ್ಕೆ ಸ್ವಲ್ಪ ಮುಂಚೆ ವ್ಯಾಲಿ ರೋಡಿಗೆ ತಿರುಗಿದರೆ ಪ್ಲೆಸೆಂಟ್ ವ್ಯಾಲಿ ಎಂಬ ಸಣ್ಣ ಕಣಿವೆ. ಅಲ್ಲೇ ಫಾರ್ಮ್. ಒಟ್ಟು 130 ಎಕರೆ. 1890ರಿಂದ 1910ರವರೆಗೆ ಈ ಭಾಗದ ರೈತರು ಹೇಗೆ ಬೇಸಾಯ ಮಾಡುತ್ತಿದ್ದರೋ ಹಾಗೇ ಇಲ್ಲಿ ಈಗಲೂ ಮಾಡುತ್ತಾರೆ. ಉಳುವುದು, ಬಿತ್ತುವುದು, ಕೊಯ್ಯುವುದು ಕುದುರೆ ಮತ್ತು ಎತ್ತುಗಳಿಂದ. ಗಾಜಿನ ಪೆಟ್ಟಿಗೆಯೊಳಗೆ ನೇಗಿಲು ಇಟ್ಟು ಪಕ್ಕದಲ್ಲಿ ಚೀಟಿ ಅಂಟಿಸುವ ಮ್ಯೂಸಿಯಂ ಅಲ್ಲ. ನೇಗಿಲಿಗೆ ಮಣ್ಣು ಮೆತ್ತಿರುತ್ತದೆ.

ಈ ಜಮೀನು ಕೌಂಟಿಗೆ ಬಂದದ್ದು ದಾನವಾಗಿ. ಚಾರ್ಲ್ಸ್ ಹಾವೆಲ್ ಎಂಬುವವರು 1949ರಿಂದ 1955ರವರೆಗೆ ಅಮೆರಿಕದ ಕಾಂಗ್ರೆಸ್ ಸದಸ್ಯರಾಗಿದ್ದರು. 1973ರಲ್ಲಿ ತೀರಿಕೊಂಡರು. ಮುಂದಿನ ವರ್ಷ ಅವರ ಹೆಂಡತಿ ಐನೆಜ್ ಹಾವೆಲ್ ಗಂಡನ ನೆನಪಿಗೆ ಜಮೀನನ್ನು ಮರ್ಸರ್ ಕೌಂಟಿಗೆ ಕೊಟ್ಟರು. ಕೊಡುವಾಗ ಒಂದು ಆಸೆಯನ್ನೂ ಹೇಳಿದರು. ಹಿಂದಿನವರ ಬದುಕನ್ನು ಜನ ಇಲ್ಲಿ ಸುಮ್ನೆ ನೋಡಿಕೊಂಡು ಹೋಗಬಾರದು, ಮಾಡಿ ನೋಡಬೇಕು, ಅದರಲ್ಲೂ ಮಕ್ಕಳು. ಹಸು ಕರೆಯಬೇಕು, ಬುಟ್ಟಿಯಲ್ಲಿ ಮೊಟ್ಟೆ ಆರಿಸಬೇಕು, ಕುರಿಯ ಉಣ್ಣೆ ಕತ್ತರಿಸುವುದಕ್ಕೆ ಕೈ ಹಾಕಬೇಕು. ನನಗೆ ಈ ಹೆಣ್ಣುಮಗಳ ಮೇಲೆ ತುಂಬಾ ಗೌರವ. ಆ ಕಣಿವೆಯಲ್ಲಿ ಮನೆ ಕಟ್ಟಿ ಮಾರಿದ್ದರೆ ಎಷ್ಟು ದುಡ್ಡು ಬರುತ್ತಿತ್ತೋ. ಇವತ್ತು ಅಲ್ಲಿ ನಡೆಯುವುದೆಲ್ಲ ಅವರ ಆ ಮಾತಿನಂತೆಯೇ ಇದೆ.

ಶಾಲೆಯ ಜೊತೆ ಹೋದದ್ದು ಏಪ್ರಿಲಿನಲ್ಲಿ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಾನು ಅವತ್ತು ಕಲಿತದ್ದನ್ನು ಮಾತ್ರ ಹೇಳುತ್ತೇನೆ. ನಾವು ಬಾಡಿಗೆಗೆ ಹೇಳಿದ್ದ ಬಸ್ 50 ನಿಮಿಷ ತಡವಾಗಿ ಬಂತು. ವಾಪಸ್ ಶಾಲೆಗೆ ಸೇರುವ ಹೊತ್ತು ಮೊದಲೇ ಗೊತ್ತಾಗಿತ್ತು. ಹಾಗಾಗಿ ಫಾರ್ಮಿನಲ್ಲಿ ಸಿಕ್ಕಿದ್ದು ಎರಡೇ ಗಂಟೆ. ಆ ಎರಡು ಗಂಟೆಯಲ್ಲಿ ಎಲ್ಲವನ್ನೂ ತೋರಿಸಿಬಿಡೋಣ ಅಂತ ನಾವು ದೊಡ್ಡವರು ಮಕ್ಕಳನ್ನು ಓಡಿಸಿದೆವು. ಕೋಳಿ ಗೂಡು ಹತ್ತು ನಿಮಿಷ, ಕುದುರೆ ಲಾಯ ಹತ್ತು ನಿಮಿಷ, ತೋಟ ಹತ್ತು ನಿಮಿಷ. ಒಂದು ಹುಡುಗಿ ಕುರಿಯ ಉಣ್ಣೆ ಹಿಡಿದುಕೊಂಡು, ಇದು ಯಾಕೆ ಎಣ್ಣೆ ಎಣ್ಣೆ ಇದೆ ಅಂತ ಕೇಳಿದಳು. ಅಲ್ಲಿನವರು ಅದು ಕುರಿಯ ಮೈಯಲ್ಲೇ ಬರುವ ಜಿಡ್ಡು, ಮಳೆನೀರು ಒಳಗೆ ಇಳಿಯದಂತೆ ತಡೆಯುತ್ತದೆ ಅಂತ ಹೇಳಲು ಶುರು ಮಾಡಿದರು. ಅಷ್ಟರಲ್ಲಿ ನಾನೇ ಬಾ ಬಾ ಹೊತ್ತಾಯಿತು ಅಂತ ಅವಳ ಕೈ ಹಿಡಿದು ಎಳೆದುಕೊಂಡು ಹೋದೆ. ಆ ಮಗುವಿನ ಮುಖ ನನಗೆ ಬಹಳ ದಿನ ಕಾಡಿತು. ಅದು ಪೂರ್ತಿ ನನ್ನದೇ ತಪ್ಪು.

ಆದ್ದರಿಂದ ಕನ್ನಡ ತರಗತಿಯ ಪ್ರವಾಸಕ್ಕೆ ಒಂದೇ ನಿಯಮ ಇಟ್ಟುಕೊಂಡೆ. ಒಂದು ದಿನ, ಒಂದು ಕೆಲಸ. ಅದನ್ನು ಮೊದಲಿಂದ ಕೊನೆಯವರೆಗೆ ಮಾಡಿ ಮುಗಿಸುವುದು. ಮಿಕ್ಕಿದ್ದು ಕಣ್ಣಿಗೆ ಬಿದ್ದರೆ ಸಂತೋಷ, ಬೀಳದಿದ್ದರೂ ನಷ್ಟವಿಲ್ಲ.

ಹಾಗೆ ಯೋಚನೆ ಮಾಡಿದರೆ ದಿನ ಗೊತ್ತು ಮಾಡುವ ರೀತಿಯೇ ಬದಲಾಗುತ್ತದೆ. ಸಾಮಾನ್ಯವಾಗಿ ನಾವು ಏನು ಮಾಡುತ್ತೇವೆ? ಶಾಲೆಗೆ ಯಾವ ದಿನ ಬಿಡುವು, ಬಸ್ ಯಾವ ದಿನ ಸಿಗುತ್ತದೆ ಅಂತ ನೋಡುತ್ತೇವೆ. ಹೊಲಕ್ಕೆ ಹೋಗುವುದಾದರೆ ಹೊಲದ ಪಂಚಾಂಗ ನೋಡಬೇಕು. ಹಾವೆಲಿನಲ್ಲಿ ಜನವರಿಯಲ್ಲಿ ಕೆರೆಯ ಮಂಜುಗಡ್ಡೆ ಕೊಯ್ಯುತ್ತಾರೆ. ಫೆಬ್ರವರಿಯಲ್ಲಿ ಮೇಪಲ್ ಮರದ ರಸ ಇಳಿಸಿ ಕಾಯಿಸುತ್ತಾರೆ. ಸುಮಾರು 40 ಗ್ಯಾಲನ್ ರಸ ಬತ್ತಿದರೆ 1 ಗ್ಯಾಲನ್ ಪಾಕ. ಆಲೆಮನೆ ನೋಡಿ ಬೆಳೆದವರಿಗೆ ಆ ಕೊಪ್ಪರಿಗೆ, ಆ ಹಬೆ ತೀರಾ ಹೊಸದು ಅನ್ನಿಸುವುದಿಲ್ಲ. ಏಪ್ರಿಲಿನಲ್ಲಿ ಕುರಿಯ ಉಣ್ಣೆ, ಮೇ ತಿಂಗಳಲ್ಲಿ ಮುಸುಕಿನ ಜೋಳದ ಬಿತ್ತನೆ, ಜುಲೈಯಲ್ಲಿ ಗೋಧಿ ಕೊಯ್ಲು, ಆಮೇಲೆ ಒಕ್ಕಣೆ. ಸೆಪ್ಟೆಂಬರಿನ ಹೊತ್ತಿಗೆ ಕುದುರೆ ಕಟ್ಟಿ ಉಳುವ ಪಂದ್ಯ. ಅಕ್ಟೋಬರ್, ನವೆಂಬರಿನಲ್ಲಿ ಜೋಳದ ಕಟಾವು.

ಮಂಜುಗಡ್ಡೆಯ ಆಸೆ ನನಗೂ ಇತ್ತು. ಫ್ರಿಜ್ ಇಲ್ಲದ ಕಾಲದಲ್ಲಿ ಜನವರಿಯ ಮಂಜುಗಡ್ಡೆಯನ್ನು ಗರಗಸದಲ್ಲಿ ಕೊಯ್ದು, ದಪ್ಪ ಗೋಡೆಯ ಮನೆಯಲ್ಲಿ ಮರದ ಹೊಟ್ಟು ತುಂಬಿ ಮುಚ್ಚಿಟ್ಟು, ಬೇಸಿಗೆಯವರೆಗೂ ಉಳಿಸಿಕೊಳ್ಳುತ್ತಿದ್ದರು. ನಮ್ಮಲ್ಲಿ ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿ ವರ್ಷಗಟ್ಟಲೆ ಕಾಪಾಡುತ್ತಿದ್ದರಲ್ಲ, ಅಂಥದ್ದೇ ಜಾಣತನ. ಆದರೆ ಕೆರೆ ಸರಿಯಾಗಿ ಹೆಪ್ಪುಗಟ್ಟದಿದ್ದರೆ ಆ ಕೆಲಸ ಇಲ್ಲ. 18 ಮಕ್ಕಳಿಗೆ ಆಸೆ ಹುಟ್ಟಿಸಿ ಕೊನೇ ಗಳಿಗೆಯಲ್ಲಿ ಇಲ್ಲ ಅನ್ನಲಾರೆ. ಹಾಗಾಗಿ ಅಕ್ಟೋಬರಿನ ಕೊನೆಯ ಶನಿವಾರ, ಜೋಳದ ಕೆಲಸ ಅಂತ ಗಟ್ಟಿ ಮಾಡಿದೆ.

ಶನಿವಾರ ಫಾರ್ಮ್ ಎಲ್ಲರಿಗೂ ತೆರೆದಿರುತ್ತದೆ. ಪ್ರವೇಶಕ್ಕೆ ದುಡ್ಡಿಲ್ಲ, ಕಾರು ನಿಲ್ಲಿಸುವುದಕ್ಕೂ ಇಲ್ಲ. ನಮ್ಮಂಥ ಸಣ್ಣ ತರಗತಿಗಳಿಗೆ ಇದು ದೊಡ್ಡ ಅನುಕೂಲ. ಹಾಗಂತ ಗುಂಪು ಕಟ್ಟಿಕೊಂಡು ಹೇಳದೆ ಕೇಳದೆ ನುಗ್ಗಬೇಡಿ. ಮುಂಚೆಯೇ ಫೋನ್ ಮಾಡಿ ಎಷ್ಟು ಮಕ್ಕಳು, ಯಾವ ವಯಸ್ಸು, ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಹೇಳಿ. ವಾರದ ದಿನ ಶಾಲೆಗಳಿಗೆ ಅಂತಲೇ ಬೇರೆ ಕಾರ್ಯಕ್ರಮ ಇರುತ್ತದೆ. ಅದಕ್ಕೆ ಮೊದಲೇ ಕಾಯ್ದಿರಿಸಬೇಕು. ವಸಂತದ ದಿನಗಳು ಬೇಕಿದ್ದರೆ ಚಳಿಗಾಲ ಮುಗಿಯುವವರೆಗೆ ಕಾಯಬೇಡಿ.

ಹೋಗುವ ಮುಂಚೆ ಎರಡು ಶನಿವಾರ ತರಗತಿಯಲ್ಲಿ ಬರೀ ಮಾತು ಕಲಿಸಿದೆ. ಹೊಲ, ಸಾಲು, ನೇಗಿಲು, ನೊಗ, ತೆನೆ, ಕಾಳು, ಹೊಟ್ಟು, ಕಣ, ರಾಶಿ, ಮೊರ. ಹಲಗೆಯ ಮೇಲೆ ಚಿತ್ರ ಬರೆದೆ. ಮಕ್ಕಳು ಬಾಯಿಪಾಠ ಮಾಡಿದರು, ಕೇಳಿದರೆ ಒಪ್ಪಿಸಿದರು. ಅಷ್ಟೇ. ಆ ಮಾತುಗಳು ಅವರ ಬಾಯಿಂದ ಆಚೆ ಬಂದು ಎಲ್ಲೂ ನಿಲ್ಲುತ್ತಿರಲಿಲ್ಲ. ಹೊಟ್ಟು ಅಂದರೆ ಹೊಟ್ಟೆಯಾ ಅಂತ ಒಬ್ಬ ಹುಡುಗ ಕೇಳಿದ್ದ.

ಅಪ್ಪ ಅಮ್ಮಂದಿರಿಗೆ ಒಂದು ಕಾಗದವನ್ನೂ ಕಳಿಸಿದೆ. ಒಂದೊಂದು ವಿಷಯವನ್ನೂ ಯಾಕೆ ಅಂತ ಬಿಡಿಸಿ ಬರೆದೆ, ಇಲ್ಲದಿದ್ದರೆ ಯಾರೂ ಪಾಲಿಸುವುದಿಲ್ಲ. ಮುಚ್ಚಿದ ಬೂಟು ಹಾಕಿಸಿ, ಹಳೇದಾದರೆ ಒಳ್ಳೇದು, ಯಾಕೆಂದರೆ ಕಾರು ನಿಲ್ಲಿಸುವ ಕಡೆಯಿಂದ ಹೊಲದ ಮನೆಗೆ ನಡೆದೇ ಹೋಗಬೇಕು, ದಾರಿ ಏರು ಇದೆ. ಉದ್ದ ಪ್ಯಾಂಟು ಹಾಕಿಸಿ, ಕಾಲುಚೀಲವನ್ನು ಪ್ಯಾಂಟಿನ ಮೇಲಕ್ಕೆ ಎಳೆಯಿರಿ. ನ್ಯೂಜೆರ್ಸಿಯಲ್ಲಿ ಹುಲ್ಲಿಗೆ ಹೋದರೆ ಉಣ್ಣೆಯ ಭಯ ಇದ್ದದ್ದೇ. ಇಲ್ಲಿ ಉಣ್ಣೆ ಅಂದರೆ ಕುರಿಯದ್ದಲ್ಲ, ರಕ್ತ ಹೀರುವ ಹುಳ. ಜಿಂಕೆಯ ಮೈಮೇಲಿರುವ ಆ ಸಣ್ಣ ಹುಳದಿಂದ ಲೈಮ್ ಕಾಯಿಲೆ ಬರುತ್ತದೆ. ಅಕ್ಟೋಬರ್, ನವೆಂಬರಿನಲ್ಲೂ ಅವು ಚುರುಕಾಗಿರುತ್ತವೆ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿಸಿ, ಮಂಡಿಯ ಹಿಂದೆ, ಕಂಕುಳು, ತಲೆಗೂದಲ ಬುಡ ಎಲ್ಲ ನೋಡಿ. ಒಣಹುಲ್ಲಿನ ದೂಳಿಗೆ ಉಬ್ಬಸ ಬರುವ ಮಕ್ಕಳಿದ್ದರೆ ಇನ್ಹೇಲರ್ ಕೊಟ್ಟು ಕಳಿಸಿ, ಯಾರ ಚೀಲದಲ್ಲಿದೆ ಅಂತ ನನಗೆ ಹೇಳಿ. ಪ್ರಾಣಿ ಮುಟ್ಟಿದ ಮೇಲೆ ಸೋಪು ನೀರಲ್ಲೇ ಕೈ ತೊಳೆಯಬೇಕು, ಸ್ಯಾನಿಟೈಸರ್ ಸಾಲದು. ಅದಕ್ಕೇ ಊಟ ಆದ ಮೇಲೆ ಪ್ರಾಣಿಗಳ ಹತ್ತಿರ ಹೋಗುವುದು ಅಂತ ಇಟ್ಟುಕೊಂಡಿದ್ದೇನೆ.

ಕಾಗದದ ಕೊನೆಯಲ್ಲಿ ಇನ್ನೊಂದು ಮಾತು ಬರೆದೆ. ಇದು ನಿಜವಾದ ಹೊಲಮನೆ. ಇಲ್ಲಿ ಹಂದಿ ಸಾಕುವುದು ಮಾಂಸಕ್ಕೆ. ಮಕ್ಕಳು ಕೇಳಿದರೆ ಅಲ್ಲಿನವರು ಸುಳ್ಳು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ನಿಮ್ಮ ಮನೆಯ ಊಟದ ಪದ್ಧತಿ ಏನೇ ಇರಲಿ, ಮುಂಚೆ ಒಂದು ಮಾತು ಆಡಿ ಕಳಿಸಿ. ಈ ಸಾಲು ಬರೆಯಲು ನಾನು ಎರಡು ದಿನ ಯೋಚನೆ ಮಾಡಿದೆ. ನಮ್ಮ ತರಗತಿಯಲ್ಲಿ ಸಸ್ಯಾಹಾರಿ ಮನೆಗಳೇ ಜಾಸ್ತಿ. ಇಬ್ಬರು ತಾಯಂದಿರು ಫೋನ್ ಮಾಡಿದರು. ಮಾತಾಡಿದ ಮೇಲೆ ಇಬ್ಬರೂ ಮಕ್ಕಳನ್ನು ಕಳಿಸಿದರು.

ಬಸ್ಸಿನ ತಂಟೆಯೇ ಬೇಡ ಅಂತ ಈ ಸಲ ಕಾರುಗಳಲ್ಲಿ ಹೋದೆವು. ಮಕ್ಕಳು 18, ದೊಡ್ಡವರು ಆರು ಜನ. ಆ ಆರರಲ್ಲಿ ನನ್ನ ಅತ್ತೆಯೂ ಒಬ್ಬರು. ಅವರು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯವರು, ಅರವತ್ತೆಂಟು ವರ್ಷ. ಆರು ತಿಂಗಳಿಗೆ ಅಂತ ಇಲ್ಲಿಗೆ ಬಂದಿದ್ದರು. ಮೊದಲು ನಾನು ಬರಲ್ಲ, ಚಳಿ ಅಂದರು. ಜೋಳ ಸುಲಿಯುವ ಕೆಲಸ ಅತ್ತೆ ಅಂದೆ. ಹಾಗಾದ್ರೆ ಬರ್ತೀನಿ ಅಂದರು.

ಹತ್ತು ಗಂಟೆಗೆ ತಲುಪಿದೆವು. ಇಬ್ಬನಿ ಇನ್ನೂ ಆರಿರಲಿಲ್ಲ. ಏರು ದಾರಿಯಲ್ಲಿ ನಡೆಯುವಾಗ ಎದುರಿಗೆ ಎತ್ತುಗಳು ಸಿಕ್ಕವು. ಜೋಡಿ, ನೊಗ ಹೂಡಿತ್ತು. ಮಕ್ಕಳೆಲ್ಲ ಸರಿದು ನಿಂತರು. ಅತ್ತೆ ಮಾತ್ರ ನೋಡಿದ ತಕ್ಷಣ ಕೇಳಿದರು, “ಅಯ್ಯೋ, ಹಿಣಿಲೇ ಇಲ್ವಲ್ಲೇ. ನೊಗ ಹೆಂಗೆ ನಿಲ್ಲುತ್ತೆ?”

ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ನಮ್ಮ ಎತ್ತುಗಳಿಗೆ ಹೆಗಲ ಮೇಲೆ ಹಿಣಿಲು ಇರುತ್ತದೆ. ನೊಗ ಅದರ ಮುಂದೆ ಕೂತು, ಎಳೆಯುವಾಗ ಅದಕ್ಕೆ ಒತ್ತಿಕೊಳ್ಳುತ್ತದೆ. ಈ ದೇಶದ ಎತ್ತುಗಳಿಗೆ ಬೆನ್ನು ಚಪ್ಪಟೆ. ನಾನು ಅತ್ತೆಯ ಪ್ರಶ್ನೆಯನ್ನು ಎತ್ತು ಹೊಡೆಯುತ್ತಿದ್ದವರಿಗೆ ಕೇಳಿದೆ. ಅವರು ನಿಂತು, ನೊಗದ ಕೆಳಗಿದ್ದ ಬಾಗಿದ ಮರದ ಬಳೆಯನ್ನು ತೋರಿಸಿದರು. ಅದು ಎತ್ತಿನ ಕುತ್ತಿಗೆಯನ್ನು ಕೆಳಗಿನಿಂದ ಬಳಸಿ ನೊಗಕ್ಕೆ ಸಿಕ್ಕಿಕೊಳ್ಳುತ್ತದೆ. ಅದರಿಂದಲೇ ನೊಗ ಜಾರುವುದಿಲ್ಲ. ಅತ್ತೆ ಬಗ್ಗಿ ನೋಡಿ ತಲೆಯಾಡಿಸಿದರು. ನಮ್ಮಲ್ಲಿ ಕುತ್ತಿಗೆಗೆ ಕಟ್ಟುವುದು ಹಗ್ಗ, ಇವರದು ಮರ ಅಂತ ಮಕ್ಕಳಿಗೆ ಹೇಳಿದರು. ಆಮೇಲೆ ಎತ್ತು ಹೊಡೆಯುತ್ತಿದ್ದವರು ತಾವು ಎತ್ತಿಗೆ ಹೇಳುವ ಮಾತುಗಳನ್ನೂ ಕಲಿಸಿದರು. ಜೀ ಅಂದರೆ ಬಲಕ್ಕೆ, ಹಾ ಅಂದರೆ ಎಡಕ್ಕೆ, ವೋ ಅಂದರೆ ನಿಲ್ಲು. ಮಕ್ಕಳು ದಾರಿಯುದ್ದಕ್ಕೂ ಒಬ್ಬರನ್ನೊಬ್ಬರು ಜೀ, ಹಾ ಅಂತ ತಿರುಗಿಸಿಕೊಂಡೇ ಬಂದರು.

ಜೋಳದ ಹೊಲ ಒಣಗಿ ನಿಂತಿತ್ತು. ಗಾಳಿಗೆ ಎಲೆ ಕಾಗದದ ಹಾಗೆ ಸದ್ದು ಮಾಡುತ್ತಿತ್ತು. ಇದು ನಾವು ಬೇಯಿಸಿ ತಿನ್ನುವ ಸಿಹಿ ಜೋಳ ಅಲ್ಲ. ದನ, ಕುದುರೆ, ಕೋಳಿಗೆ ಹಾಕುವ, ಹಿಟ್ಟು ಮಾಡುವ ಗಟ್ಟಿ ಜೋಳ. ಕುದುರೆಯಿಂದ ಉಳುವ ಕಾಲದಲ್ಲಿ ಹೊಲದ ಒಂದು ಪಾಲು ಬೆಳೆ ಹೀಗೆ ಪ್ರಾಣಿಗಳಿಗೇ ಹೋಗುತ್ತಿತ್ತು. ಟ್ರ್ಯಾಕ್ಟರಿಗೆ ಡೀಸೆಲ್ ಹಾಕುತ್ತೇವಲ್ಲ, ಹಾಗೆ ಅಂತ ಹೇಳಿದಾಗ ಮಕ್ಕಳಿಗೆ ಚೆನ್ನಾಗಿ ಅರ್ಥವಾಯಿತು.

ತೆನೆ ಮುರಿದುಕೊಂಡು ಸಿಪ್ಪೆ ಸುಲಿಯಬೇಕು. ಹಿಂದೆ ಇದಕ್ಕೆ ಅಂಗೈಗೆ ಕಟ್ಟಿಕೊಳ್ಳುವ ಒಂದು ಚೂಪು ಮೊಳೆ ಇತ್ತು, ಅದರಿಂದ ಸಿಪ್ಪೆ ಸೀಳಿ ಎಳೆಯುತ್ತಿದ್ದರು. ಮಕ್ಕಳು ಬರಿಗೈಯಲ್ಲೇ ಶುರು ಮಾಡಿದರು. ಮೊದಲ ಐದು ನಿಮಿಷ ಆಗ್ತಿಲ್ಲ ಆಂಟಿ, ಆಗ್ತಿಲ್ಲ ಆಂಟಿ ಅಂತ ಒಂದೇ ಕೂಗು. ಆಮೇಲೆ ಏಳು ವರ್ಷದ ಒಬ್ಬಳು ಇದ್ದಕ್ಕಿದ್ದ ಹಾಗೆ ನಿಂತಳು. ಅರ್ಧ ಸುಲಿದ ತೆನೆ ಕೈಯಲ್ಲಿತ್ತು. ಸಿಪ್ಪೆ ಹಿಂದಕ್ಕೆ ಬಾಗಿ ಹಳದಿ ಕಾಳು ಕಾಣುತ್ತಿತ್ತು. “ಆಂಟಿ, ಇದು ಮುಸುಕು! ಅದಕ್ಕೇ ಮುಸುಕಿನ ಜೋಳ!”

ಚಳಿಯಲ್ಲಿ ಅವಳ ಅಜ್ಜಿ ತಲೆಗೆ ಸೆರಗು ಮುಸುಕು ಹಾಕಿಕೊಳ್ಳುವುದನ್ನು ಅವಳು ನೋಡಿದ್ದಳು. ಜೋಳವೂ ಹಾಗೇ ಹಾಕಿಕೊಂಡಿದೆ ಅಂತ ಅವಳಿಗೆ ಅವತ್ತು ಕಂಡಿತು. ನಾನು ಹುಟ್ಟಿದಾಗಿನಿಂದ ಮುಸುಕಿನ ಜೋಳ ಅನ್ನುತ್ತಿದ್ದೇನೆ. ಒಂದು ದಿನವೂ ಆ ಮಾತಿನೊಳಗೆ ಇಣುಕಿರಲಿಲ್ಲ. ಅಲ್ಲಿಂದ ಮುಂದೆ ಮಕ್ಕಳು ಸುಲಿ ಅನ್ನಲಿಲ್ಲ, ಮುಸುಕು ತೆಗಿ ಮುಸುಕು ತೆಗಿ ಅಂತಲೇ ಕೂಗಾಡುತ್ತಾ ಕೆಲಸ ಮಾಡಿದರು.

ಹತ್ತು ವರ್ಷದ ಹುಡುಗನೊಬ್ಬ ತೆನೆಯ ಮೇಲಿನ ಕಾಳಿನ ಸಾಲು ಎಣಿಸತೊಡಗಿದ. ಕನ್ನಡದಲ್ಲೇ ಎಣಿಸು ಅಂದೆ. ಹದಿನಾಲ್ಕು ಬಂತು. ಇನ್ನೊಂದರಲ್ಲಿ ಹದಿನಾರು. ಮತ್ತೊಂದರಲ್ಲಿ ಹದಿನಾಲ್ಕು. ಸಾಲುಗಳು ಸಾಮಾನ್ಯವಾಗಿ ಸಮಸಂಖ್ಯೆಯಲ್ಲೇ ಇರುತ್ತವೆ, ಬೆಸ ಬರುವುದು ತೀರಾ ಅಪರೂಪ. ಅದನ್ನು ನಾನು ಮೊದಲೇ ಹೇಳಿಬಿಡಲಿಲ್ಲ. ಆರೇಳು ತೆನೆ ಎಣಿಸಿದ ಮೇಲೆ ಅವನೇ ಕಂಡುಹಿಡಿದ. ತುದಿಯಲ್ಲಿ ನೇತಾಡುವ ರೇಷ್ಮೆಯಂಥ ಎಳೆ ಇದೆಯಲ್ಲ, ಅದರ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು ಅಂತ ಹೇಳಿದಾಗ ಅವನು ಮುಸುಕಿನೊಳಗೆ ಮತ್ತೆ ಕಣ್ಣು ಹಾಕಿದ.

ಇನ್ನೊಬ್ಬಳು, ನಮ್ಮ ಊರಲ್ಲೂ ಜೋಳ ಇದೆಯಾ ಅಂತ ಕೇಳಿದಳು. ಅವಳ ಅಪ್ಪನ ಊರು ದಾವಣಗೆರೆ. ಅಲ್ಲಿ ಇವತ್ತು ಎಲ್ಲಿ ನೋಡಿದರೂ ಇದೇ ಬೆಳೆ ಅಂದೆ. ಆದರೆ ಇದು ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ನಾವು ನಿಂತ ಈ ಡೆಲವೇರ್ ಕಣಿವೆಯಲ್ಲಿ ಬಿಳಿಯರು ಬರುವುದಕ್ಕೆ ಎಷ್ಟೋ ಮುಂಚೆ ಲೆನಾಪೆ ಜನ ಜೋಳ, ಬೀನ್ಸ್, ಕುಂಬಳ ಬೆಳೆಯುತ್ತಿದ್ದರು. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಕಡಲೆಕಾಯಿ ಎಲ್ಲ ಹೀಗೇ ಈ ಕಡೆಯಿಂದ ಬಂದವು. ಮೆಣಸಿನಕಾಯಿ ಕೂಡಾನಾ ಅಂತ ಅತ್ತೆಯೇ ಆಶ್ಚರ್ಯಪಟ್ಟರು.

ಇನ್ನು ಕಾಳು ಬಿಡಿಸುವ ಯಂತ್ರ. ಎರಕದ ಕಬ್ಬಿಣದ್ದು, ಪಕ್ಕದಲ್ಲಿ ದೊಡ್ಡ ಚಕ್ರ, ಅದಕ್ಕೊಂದು ಹಿಡಿ. ಮೇಲಿನ ಬಾಯಿಗೆ ತೆನೆ ಇಳಿಸಿ ಹಿಡಿ ತಿರುಗಿಸಿದರೆ ಕಾಳು ಕೆಳಗೆ ಸುರಿಯುತ್ತದೆ, ಬೋಳು ದಿಂಡು ಪಕ್ಕದಿಂದ ಆಚೆ ಬೀಳುತ್ತದೆ. ಒಬ್ಬರು ತೆನೆ ಹಾಕಬೇಕು, ಇನ್ನೊಬ್ಬರು ತಿರುಗಿಸಬೇಕು. ಸಣ್ಣ ಮಕ್ಕಳಾದರೆ ಹಿಡಿಗೆ ಇಬ್ಬರು. ಮಕ್ಕಳು ಸಾಲಾಗಿ ನಿಂತರು, ಒಂದು ಸುತ್ತು ಮುಗಿಸಿ ಮತ್ತೆ ಸಾಲಿನ ಹಿಂದಕ್ಕೆ ಹೋದರು. ಇಲ್ಲೇ ಮುಕ್ಕಾಲು ಗಂಟೆ ಕಳೆಯಿತು. ಹೋದ ಸಲ ಆಗಿದ್ದರೆ ನಾನು ಗಡಿಯಾರ ನೋಡುತ್ತಿದ್ದೆ. ಈ ಸಲ ಕೋಟು ಬಿಚ್ಚಿ ಪಕ್ಕಕ್ಕಿಟ್ಟು ನಾನೂ ತಿರುಗಿಸಿದೆ. ರಟ್ಟೆ ಎರಡು ದಿನ ನೋಯುತ್ತಿತ್ತು.

ಪಕ್ಕದಲ್ಲೇ ಕಾಳು ಹಸನು ಮಾಡುವ ಇನ್ನೊಂದು ಯಂತ್ರ ಇತ್ತು. ಮರದ ಪೆಟ್ಟಿಗೆ, ಒಳಗೆ ರೆಕ್ಕೆಯ ಚಕ್ರ ಮತ್ತು ಜರಡಿಗಳು. ಕೈಯಲ್ಲಿ ತಿರುಗಿಸಿದರೆ ಗಾಳಿ ಬೀಸಿ ಹೊಟ್ಟು ಹಾರುತ್ತದೆ, ಕಾಳು ಕೆಳಗೆ ಇಳಿಯುತ್ತದೆ. ಅತ್ತೆ ಅದರ ಮುಂದೆ ಬಹಳ ಹೊತ್ತು ನಿಂತರು. ನಾನು ಸುಮ್ಮನೆ ಪಕ್ಕದಲ್ಲಿ ನಿಂತೆ.

“ಇದಕ್ಕೆ ಗಾಳಿಗೆ ಕಾಯೋ ಹಂಗೇ ಇಲ್ಲ” ಅಂದರು. ಆಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೇಳಿದರು. ಊರಲ್ಲಿ ರಾಗಿ ತೆನೆಯ ಮೇಲೆ ರೋಣಗಲ್ಲು ಎಳೆಸಿ ಒಕ್ಕಣೆ ಮಾಡಿದ ಮೇಲೆ ತೂರುವುದಕ್ಕೆ ಗಾಳಿ ಬೇಕು. ಗಾಳಿ ಬೀಳದಿದ್ದರೆ ಕಣದಲ್ಲೇ ಮಲಗಿ ಕಾಯುವುದು. ನಡುರಾತ್ರಿ ಗಾಳಿ ಎದ್ದರೆ ನಡುರಾತ್ರಿಯೇ ಎದ್ದು ತೂರುವುದು. ಒಂದು ವರ್ಷ ಹೀಗೆ ಮೂರು ರಾತ್ರಿ ಕಾದಿದ್ದರಂತೆ. ಆಗ ನನ್ನ ಗಂಡ ಆರು ತಿಂಗಳ ಕೂಸು. ಕಣದ ಪಕ್ಕ ಹುಲ್ಲಿನ ಮೇಲೆ ಕಂಬಳಿ ಹಾಸಿ ಮಲಗಿಸಿದ್ದರಂತೆ. ಮದುವೆಯಾಗಿ ಹನ್ನೆರಡು ವರ್ಷವಾಯಿತು, ಈ ಮಾತು ನಾನು ಮೊದಲ ಸಲ ಕೇಳಿದ್ದು ಆ ಕೊಟ್ಟಿಗೆಯಲ್ಲಿ ನಿಂತು.

ಆಮೇಲೆ ಅತ್ತೆ ಒಂದು ಸಣ್ಣ ಡಬ್ಬ ತೆಗೆದುಕೊಂಡು ಮಕ್ಕಳು ಬಿಡಿಸಿದ ಕಾಳನ್ನು ಅಳೆದು ಚೀಲಕ್ಕೆ ಹಾಕತೊಡಗಿದರು. ಮೊದಲ ಡಬ್ಬ ಹಾಕುವಾಗ ಲಾಭ ಅಂದರು. ಮುಂದಿನದಕ್ಕೆ ಎರಡು, ಆಮೇಲೆ ಮೂರು. ಮಕ್ಕಳು ಅಜ್ಜಿ ಒಂದು ಮರೆತುಹೋಯಿತು ಅಂತ ಕೂಗಿದರು. ಮರೆತಿಲ್ಲ ಮಗ, ಧಾನ್ಯ ಅಳೆಯುವಾಗ ಒಂದು ಅನ್ನಬಾರದು, ಲಾಭ ಅನ್ನಬೇಕು ಅಂದರು. ಹದಿನೆಂಟು ಮಕ್ಕಳೂ ಒಟ್ಟಿಗೆ ಲಾಭ, ಎರಡು, ಮೂರು ಅಂತ ಎಣಿಸಿದ್ದು ಈಗಲೂ ನನ್ನ ಕಿವಿಯಲ್ಲಿದೆ. ಫಾರ್ಮಿನ ಕೆಲಸದವರೊಬ್ಬರು ಏನಿದು ಅಂತ ಕೇಳಿದರು. ವಿವರಿಸಿದೆ. ಅವರೂ ಮುಂದಿನ ಡಬ್ಬಕ್ಕೆ ನಮ್ಮ ಜೊತೆ ಕನ್ನಡದಲ್ಲಿ ಎಣಿಸಿದರು.

ಇದರಿಂದ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ನಿಮ್ಮ ಗುಂಪಿನಲ್ಲಿ ಯಾರ ಮನೆಗಾದರೂ ಊರಿಂದ ಅಜ್ಜಿ ತಾತ ಬಂದಿದ್ದರೆ ಅವರನ್ನು ಕರೆದುಕೊಂಡೇ ಹೋಗಿ. ಇಲ್ಲಿ ಅವರು ವಾರಪೂರ್ತಿ ಮನೆಯೊಳಗೆ ಕೂತು ಟಿವಿ ನೋಡುತ್ತಿರುತ್ತಾರೆ. ಭಾಷೆ ಬರುವುದಿಲ್ಲ ಅಂತ ಆಚೆ ಹೋಗಲು ಹಿಂಜರಿಯುತ್ತಾರೆ. ಹೊಲದಲ್ಲಿ ನಮ್ಮೆಲ್ಲರಿಗಿಂತ ಜಾಸ್ತಿ ತಿಳಿದವರು ಅವರೇ. ಏರು ದಾರಿ ನಡೆಯಲು ಕಷ್ಟವಾಗುವವರಾದರೆ ಮೊದಲೇ ಫಾರ್ಮಿನವರನ್ನು ಕೇಳಿ ವ್ಯವಸ್ಥೆ ಮಾಡಿಕೊಳ್ಳಿ.

ಊಟಕ್ಕೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು. ಮೇಜುಗಳಿವೆ, ಕೂತು ತಿಂದೆವು. ಡಬ್ಬಿ, ತಟ್ಟೆ, ಚಮಚ ಎಲ್ಲ ವಾಪಸ್ ತಂದೆವು.

ಊಟವಾದ ಮೇಲೆ ಕೋಳಿಗಳಿಗೆ ಮಕ್ಕಳೇ ನುಚ್ಚು ಮಾಡಿದ ಜೋಳ ಹಾಕಿದರು. ಆಮೇಲೆ ಹಂದಿಗಳ ಹತ್ತಿರ. ನಾನು ಕಾಯುತ್ತಿದ್ದ ಪ್ರಶ್ನೆ ಅಲ್ಲಿ ಬಂತು. ಎಂಟು ವರ್ಷದ ಹುಡುಗ, ಮನೆಯಲ್ಲಿ ಮೊಟ್ಟೆಯೂ ತಿನ್ನುವುದಿಲ್ಲ. ಹಾಲೂ ಕೊಡಲ್ಲ, ಉಳೋದೂ ಇಲ್ಲ, ಹಂದಿ ಯಾಕೆ ಸಾಕಿದ್ದಾರೆ ಅಂತ ನೇರವಾಗಿ ಕೇಳಿದ. ಫಾರ್ಮಿನವರು ಮೆಲ್ಲನೆ, ಆದರೆ ನೇರವಾಗಿಯೇ ಹೇಳಿದರು. ಚಳಿಗಾಲದಲ್ಲಿ ಮಾಂಸಕ್ಕೆ. ಆಗಿನ ಮನೆಗಳಲ್ಲಿ ಚಳಿಗಾಲ ಕಳೆಯುವುದಕ್ಕೆ ಅದು ಬೇಕಿತ್ತು. ಹುಡುಗ ಸ್ವಲ್ಪ ಹೊತ್ತು ಬೇಲಿ ಹಿಡಿದು ನಿಂತ. ಆಮೇಲೆ, ಹಾಗಾದರೆ ಈಗ ಚೆನ್ನಾಗಿ ನೋಡಿಕೊಳ್ಳಬೇಕಲ್ವಾ ಅಂದ. ಅವನ ತಾಯಿ ಪಕ್ಕದಲ್ಲೇ ಇದ್ದರು, ಅವನ ತಲೆ ಸವರಿದರು. ಮಕ್ಕಳಿಗೆ ನಿಜ ಹೇಳಿದರೆ ತಡೆದುಕೊಳ್ಳುವ ಶಕ್ತಿ ಇದೆ ಅಂತ ನಾನು ನಂಬುತ್ತೇನೆ. ಕಥೆ ಕಟ್ಟಿ ಹೇಳಿದ್ದರೆ ಅವನಿಗೆ ಗೊತ್ತಾಗುತ್ತಿತ್ತು.

ಎರಡೂವರೆಗೆ ಹೊರಟೆವು. ಕುದುರೆ ಗಾಡಿಯಲ್ಲಿ ಕೂರಲಿಲ್ಲ, ತೋಟದ ಕಡೆ ಹೋಗಲೇ ಇಲ್ಲ. ಒಂದಿಬ್ಬರು ಅಪ್ಪಂದಿರಿಗೆ ಅದು ಬೇಜಾರಾಯಿತು. ಇಷ್ಟು ದೂರ ಬಂದು ಎಲ್ಲ ನೋಡದೆ ಹೋಗುವುದಾ ಅಂದರು. ಅವರ ಮಾತೂ ಸರಿಯೇ. ಆದರೆ ಮಕ್ಕಳ ಬಾಯಲ್ಲಿ ಒಬ್ಬರೂ ಅದನ್ನು ಕೇಳಲಿಲ್ಲ. ಬೇಕಿದ್ದವರು ಮನೆಯವರ ಜೊತೆ ಮತ್ತೆ ಬರಬಹುದು, ಪ್ರವೇಶ ಪುಕ್ಕಟೆ. ಮೂರು ಕುಟುಂಬ ಆಗಲೇ ಹೋಗಿ ಬಂದಿವೆ. ಇನ್ನೂ ಹೊತ್ತಿದ್ದರೆ ವಾಪಸ್ ಬರುವ ದಾರಿಯಲ್ಲಿ ವಾಷಿಂಗ್ಟನ್ ಕ್ರಾಸಿಂಗ್ ಸಿಗುತ್ತದೆ. 1776ರ ಡಿಸೆಂಬರ್ 25ರ ರಾತ್ರಿ ಜಾರ್ಜ್ ವಾಷಿಂಗ್ಟನ್ ಸೈನ್ಯದ ಜೊತೆ ಡೆಲವೇರ್ ನದಿ ದಾಟಿದ ಜಾಗ. ದೊಡ್ಡ ಮಕ್ಕಳಿದ್ದರೆ ನಿಲ್ಲಿಸಿ. ಆರೇಳು ವರ್ಷದವರು ಅಷ್ಟು ಹೊತ್ತಿಗೆ ಕಾರಿನಲ್ಲಿ ನಿದ್ದೆ ಹೋಗಿರುತ್ತಾರೆ.

ಮುಂದಿನ ಶನಿವಾರ ತರಗತಿಯಲ್ಲಿ ಮತ್ತೆ ಐದು ಸಾಲು ಬರೆಯಿರಿ ಅಂದೆ. ಯಾರೂ ಐದಕ್ಕೆ ನಿಲ್ಲಿಸಲಿಲ್ಲ. ಕಾಗುಣಿತ ತಪ್ಪಿದೆ, ಒತ್ತಕ್ಷರ ಎಲ್ಲೆಲ್ಲೋ ಇದೆ. ಆದರೆ ತೆನೆ ಇದೆ, ನೊಗ ಇದೆ, ದಿಂಡು ಇದೆ. ಹೊಟ್ಟು ಅಂದರೆ ಹೊಟ್ಟೆಯಾ ಅಂತ ಕೇಳಿದ್ದ ಹುಡುಗ, ಹೊಟ್ಟು ಹಾರಿತು ನನ್ನ ಕಣ್ಣಿಗೆ ಬಿತ್ತು ಅಂತ ಬರೆದಿದ್ದಾನೆ. ಆ ಹಾಳೆಯನ್ನು ನಾನು ತೆಗೆದಿಟ್ಟುಕೊಂಡಿದ್ದೇನೆ.

ಮುಂದಿನ ಪ್ರವಾಸಕ್ಕೆ ಜುಲೈಯ ಗೋಧಿ ಅಂತ ಈಗಲೇ ಬರೆದುಕೊಂಡಿದ್ದೇನೆ. ಬೇಸಿಗೆ ರಜೆಯಲ್ಲಿ ಅರ್ಧ ಮಕ್ಕಳು ಊರಿಗೆ ಹೋಗಿರುತ್ತಾರೆ, ಇರುವವರನ್ನೇ ಕರೆದುಕೊಂಡು ಹೋಗುತ್ತೇನೆ. ಅತ್ತೆ ಆ ಹೊತ್ತಿಗೆ ಮತ್ತೆ ಬರುತ್ತಾರೆ. ಬರುವಾಗ ಮೊರ ತರುತ್ತೇನೆ, ಯಂತ್ರ ಇದ್ದರೂ ಮಕ್ಕಳಿಗೆ ಕೇರುವುದು ಬರಬೇಕು ಅಂದಿದ್ದಾರೆ. ಸೂಟ್‌ಕೇಸಿಗೆ ಹಿಡಿಯುವಷ್ಟು ಅಗಲದ್ದು ಸಾಕು ಅತ್ತೆ ಅಂದೆ. ಅಳತೆ ತೆಗೆದು ಕಳಿಸು, ನಮ್ಮೂರ ಸಂತೆಯಲ್ಲಿ ಹೇಳಿ ಹೆಣೆಸುತ್ತೇನೆ ಅಂದರು. ನಿನ್ನೆ ಸೂಟ್‌ಕೇಸ್ ಅಳೆದು ಕಳಿಸಿದೆ.